ಕೊಡಚಾದ್ರಿ ಹತ್ತಿ ಎಂಜಿನ್ ಆರಿಸಿದೆವು

ಜೀಪಿನ ಎಂಜಿನ್ನಿಗೂ ಅಡುಗೆಮನೆಗೂ ಎಂತ ಸಂಬಂಧ ಎಂದು ನೀವು ಹುಬ್ಬೇರಿಸಬಹುದು. ನಾನೂ ಮೂವತ್ತು ವರ್ಷ ಹಾಗೆಯೇ ತಿಳಿದಿದ್ದವಳು. ಮದುವೆಯಾಗಿ ಈ ಮನೆಗೆ ಬಂದದ್ದು ನಮ್ಮ ಜೀಪಿನಲ್ಲಿ. ಮಗಳನ್ನು ಹಡೆಯಲು ತವರಿಗೆ ಹೋದದ್ದೂ ಅದರಲ್ಲೇ. ಆದರೆ ಅದರ ಬಾನೆಟ್ಟಿನೊಳಗೆ ಒಂದು ದಿನವೂ ಇಣುಕಿದವಳಲ್ಲ. ಅದು ಗಂಡಸರ ಪಾಲಿನ ಕೆಲಸ ಎಂದು ಬಿಟ್ಟಿದ್ದೆ. ಹಾಗೆ ಬಿಟ್ಟದ್ದು ಎಷ್ಟು ತಪ್ಪು ಎಂದು ಗೊತ್ತಾದದ್ದು ಹೋದ ವರ್ಷದ ಆಷಾಢದಲ್ಲಿ. ಅದಕ್ಕೇ ಇದನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ಜೊತೆಗೆ ಕೊಲ್ಲೂರು, ಕೊಡಚಾದ್ರಿಗಳ ದರ್ಶನವೂ ನಿಮಗೆ ಆದೀತು.

ನಮ್ಮದು ಶಿವಮೊಗ್ಗ ಜಿಲ್ಲೆ, ಹೊಸನಗರದ ಕಡೆಯ ಒಂದು ಹಳ್ಳಿ. ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಅಡಿಕೆ ತೋಟ, ಮನೆ. ನಡುವೆ ಒಂದು ಹಳ್ಳ. ನಡೆದು ದಾಟುವವರಿಗೆ ಕಾಲುಸಂಕ ಇದೆ. ವಾಹನವಾದರೆ ನೀರಿಗೇ ಇಳಿಯಬೇಕು. ಹಳ್ಳ ದಾಟಿದರೆ ಕೆಂಪು ಮಣ್ಣಿನ ಕಡಿದಾದ ಏರು. ಮಳೆಗಾಲದಲ್ಲಿ ಆ ಏರು ಎಣ್ಣೆ ಸವರಿದ ಕಾವಲಿಯ ಹಾಗೆ. ಕಾರು, ಆಟೋ ಏನೂ ಬರುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಜೀಪು ಒಂದೇ ಗತಿ.

ಮಗಳು ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದಳು. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹನ್ನೆರಡು ದಿನ ಬಾಕಿ ಇತ್ತು. ಒಂದು ವಾರ ಮೊದಲೇ ಪೇಟೆಯಲ್ಲಿ ನಂಟರ ಮನೆಗೆ ಹೋಗಿರೋಣ ಎಂದು ಮಾತಾಗಿತ್ತು. ಆದರೆ ಆ ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ಹೊರಗೆ ಜಡಿಮಳೆ. 108ಕ್ಕೆ ಫೋನು ಮಾಡಿದೆವು. ಆಂಬುಲೆನ್ಸು ಡಾಂಬರು ರಸ್ತೆಯವರೆಗೆ ಬರುತ್ತದೆ, ಅಲ್ಲಿಗೆ ನೀವೇ ಕರೆತನ್ನಿ ಎಂದರು. ನಮ್ಮವರು ಜೀಪು ಹೊರಡಿಸಿದರು. ಹಳ್ಳ ದಾಟಿತು. ಏರಿನ ಅರ್ಧಕ್ಕೆ ನಿಂತಿತು. ನಾಲ್ಕು ಚಕ್ರದ ಲಿವರ್ ಎಳೆದರು. ಹಿಂದಿನ ಎರಡು ಚಕ್ರ ಕೆಸರಿನಲ್ಲಿ ಗರಗರ ತಿರುಗಿದವೇ ಹೊರತು ಮುಂದಿನ ಎರಡು ಕದಲಲಿಲ್ಲ. ಎಂಜಿನ್ ಒಮ್ಮೆ ಕೂಗುತ್ತದೆ, ಒಮ್ಮೆ ಆರಿಹೋಗುತ್ತದೆ. ಮಗಳು ನನ್ನ ಕೈ ಹಿಡಿದ ಹಿಡಿತ ಇವತ್ತಿಗೂ ನೆನಪಿದೆ.

ಕೊನೆಗೆ ನೆರೆಮನೆಯ ನಾಲ್ಕು ಜನ ಬಂದು, ಅವಳನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಕೊಪ್ಪೆ ಹೊದಿಸಿ, ಟಾರ್ಚು ಹಿಡಿದು ಎರಡು ಕಿಲೋಮೀಟರ್ ಹೊತ್ತರು. ನಮ್ಮತ್ತೆ ಮನೆಯ ಹೊಸ್ತಿಲಲ್ಲಿ ನಿಂತು ಮೂಕಾಂಬಿಕೆಗೆ ಹರಕೆ ಹೊತ್ತರು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಗಂಡು ಮಗು. ತಾಯಿ, ಮಗು ಕ್ಷೇಮ. ದೇವರು ದೊಡ್ಡವನು. ಆದರೆ ಪ್ರತಿ ಸಾರಿಯೂ ಹೊರುವುದಕ್ಕೆ ನಾಲ್ಕು ಜನ ಸಿಗುತ್ತಾರೆಯೇ, ನೀವೇ ಹೇಳಿ?

ಒಂದು ಜೀಪು, ಮೂರು ಎಂಜಿನ್ನು

ಮಳೆ ಹೊಳವಾದ ಮೇಲೆ ಪೇಟೆಯಿಂದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿದೆವು. ಅವರು ಜೀಪಿನ ಕೆಳಗೆ ಗೋಣಿಚೀಲ ಹಾಸಿ ಮಲಗಿ ಎರಡು ನಿಮಿಷ ನೋಡಿದರು. ಎದ್ದು ಬಂದು ನಮ್ಮವರಿಗಲ್ಲ, ನನಗೆ ಹೇಳಿದರು: "ಅಮ್ಮಾ, ಇದು ಈಗ ನಾಕು ಚಕ್ರ ಎಳೆಯೋ ಜೀಪಲ್ಲ. ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟೇ ಇಲ್ಲ ಇದರಲ್ಲಿ. ಬಿಚ್ಚಿ ತೆಗೆದಿದಾರೆ."

ಕಥೆ ಹೀಗಿದೆ. ನಮ್ಮ ಮಾವನವರು ಈ ಜೀಪು ತಂದದ್ದು 1972ರಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನ ವಂಶ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹರಿಕೇನ್ ಎಂಬ ಹೊಸ ಪೆಟ್ರೋಲ್ ಎಂಜಿನ್ ಕೂರಿಸಲು ಹೋದಾಗ ಅದು ಹಳೆಯದಕ್ಕಿಂತ ಎತ್ತರವಾಯಿತಂತೆ. ಅದಕ್ಕಾಗಿ ಬಾನೆಟ್ಟನ್ನೇ ಮೇಲೆತ್ತಿ ಮಾಡಿದ ಮಾದರಿ ಸಿಜೆ3ಬಿ. ಅದನ್ನೇ ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ದಶಕಗಟ್ಟಲೆ ತಯಾರಿಸಿತು. ಮಲೆನಾಡಿನ ಹಳೆ ಜೀಪುಗಳ ಹಣೆ ಅಷ್ಟು ಎತ್ತರ ಏಕೆ ಎಂದು ಈಗ ನಿಮಗೆ ಗೊತ್ತಾಯಿತಲ್ಲ? ಎಂಜಿನ್ನಿಗೆ ತಕ್ಕಂತೆ ಜೀಪೇ ಬದಲಾಗಬೇಕಾಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2199 ಸಿಸಿಯ ಆ ಪೆಟ್ರೋಲ್ ಎಂಜಿನ್ ಸದ್ದಿಲ್ಲದೆ ಹಾಲಿನ ಹಾಗೆ ಓಡುತ್ತಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಆದರೆ 1973ರ ಕೊನೆಯಲ್ಲಿ ತೈಲ ದೇಶಗಳು ಬೆಲೆ ಏರಿಸಿದಾಗ ನಾಲ್ಕೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ದರ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ಆಮೇಲೆ ಪೆಟ್ರೋಲ್ ಜೀಪು ಸಾಕುವುದೆಂದರೆ ಆನೆ ಸಾಕಿದ ಹಾಗೆ. ಊರೂರಿನಲ್ಲಿ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸತೊಡಗಿದರು. ಮಾವನವರೂ 1984ರಲ್ಲಿ ಅದೇ ಕಂಪನಿಯ, ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ ಹಾಕಿಸಿ, ಆರ್.ಸಿ. ಪುಸ್ತಕದಲ್ಲೂ ಬರೆಸಿದರು. ಅದು ಮೂವತ್ತು ವರ್ಷದ ಮೇಲೆ ದುಡಿಯಿತು. ನಾನು ಕಂಡದ್ದು ಅದನ್ನೇ.

ಅದು ಸವೆದುಹೋದಾಗ, ಮೂರು ವರ್ಷದ ಹಿಂದೆ, ನಮ್ಮವರು ದೂರದ ಊರಿನ ಒಂದು ವರ್ಕ್‌ಶಾಪಿನಲ್ಲಿ ಹಳೆ ವ್ಯಾನಿನ ಎಂಜಿನ್ ಹಾಕಿಸಿದರು. ಅಗ್ಗಕ್ಕೆ ಸಿಕ್ಕಿತು ಎಂದು ಖುಷಿ. ಆ ಎಂಜಿನ್ನಿನ ಕೆಳಗಿನ ಎಣ್ಣೆ ಬೋಗುಣಿ, ಅದಕ್ಕೆ ಸಂಪು ಎನ್ನುತ್ತಾರೆ, ಮುಂದಿನ ಆಕ್ಸಲ್ಲಿಗೂ ಶಾಫ್ಟಿಗೂ ತಾಗುತ್ತಿತ್ತು. ಅದಕ್ಕೆ ಮದ್ದು ಹುಡುಕುವ ಬದಲು ಶಾಫ್ಟನ್ನೇ ಬಿಚ್ಚಿಟ್ಟರು. ನಮಗೆ ಹೇಳಲೂ ಇಲ್ಲ. ಲಿವರ್ ಮಾತ್ರ ಇದ್ದಲ್ಲೇ ಇತ್ತು. ಎಳೆದರೆ ಬರುತ್ತಿತ್ತು, ಕೆಲಸ ಮಾತ್ರ ಇಲ್ಲ. ಆ ಎರಡು ಮಳೆಗಾಲ ಏರಿಗೆ ಜಲ್ಲಿ ಹಾಸಿದ್ದರಿಂದ ಹೇಗೋ ನಡೆದುಹೋಗಿತ್ತು. ಮೂರನೆಯದರಲ್ಲಿ ಜಲ್ಲಿ ಕೊಚ್ಚಿಹೋಯಿತು. ನೋಡಿ, ಒಳ್ಳೆಯ ಎಂಜಿನ್ನೇ ಆಗಿದ್ದರೂ ಬೇರೆ ಮನೆಯ ಒಲೆಗೆ ನಮ್ಮ ಮನೆಯ ಕೊಳಗ ಕೂರಬೇಕಲ್ಲ!

ಹಣ ಯಾರದ್ದೋ ಮಾತೂ ಅವರದ್ದೇ

ಈಗ ಹೊಸ ಎಂಜಿನ್ ಬೇಕು. ಮನೆಯಲ್ಲಿ ಮೂರು ಮತ. ನಮ್ಮವರಿಗೆ ಅಪಘಾತವಾದ ಹೊಸ ಗಾಡಿಯೊಂದರ ನೂರು ಕುದುರೆ ಶಕ್ತಿ ಮೀರಿದ ಟರ್ಬೊ ಡೀಸೆಲ್ ಎಂಜಿನ್ನಿನ ಮೇಲೆ ಕಣ್ಣು. ಮೈದುನ ಪೆಜೋ ಎಂಜಿನ್ನೇ ಆಗಬೇಕೆಂದ. ಅತ್ತೆ, "ಮಾರಿಬಿಡಿ, ಸಾಕು ಆ ಪೀಡೆ" ಎಂದರು. ಮಾರಿದರೆ ಮಳೆಗಾಲದಲ್ಲಿ ನಾವು ದ್ವೀಪದಲ್ಲಿದ್ದ ಹಾಗೆ ಎಂಬುದು ಅವರಿಗೂ ಗೊತ್ತು.

ದುಡ್ಡು? ಅಡಿಕೆಗೆ ಕೊಳೆರೋಗ ಬಂದ ವರ್ಷ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರಿ ನಾನು ಆರು ವರ್ಷದಿಂದ ಕೂಡಿಟ್ಟದ್ದು ಬ್ಯಾಂಕಿನಲ್ಲಿತ್ತು. ಹಿಂದೆ ಕರಗಿಸಿದ ಎರಡು ಬಳೆಗಳನ್ನು ಮತ್ತೆ ಮಾಡಿಸಬೇಕೆಂದು ಆಸೆ. ಆ ಹಣ ಕೊಡುತ್ತೇನೆ ಎಂದೆ. "ಆದರೆ ಒಂದು ಮಾತು. ಕೊಡುವವಳು ನಾನಾದ ಮೇಲೆ ಆರಿಸುವವಳೂ ನಾನೇ. ಆ ಮೇಸ್ತ್ರಿ ನನಗೆ ಅರ್ಥವಾಗುವ ಹಾಗೆ ಹೇಳಲಿ." ನಮ್ಮವರು ಒಂದು ಕ್ಷಣ ನನ್ನ ಮುಖ ನೋಡಿದರು. ಶಾಫ್ಟಿನ ವಿಷಯ ಅವರಿಗೂ ಒಳಗೇ ಕೊರೆಯುತ್ತಿತ್ತು. "ಆಯ್ತು ಮಾರಾಯ್ತಿ" ಎಂದರು.

ಮೇಸ್ತ್ರಿ ನಕ್ಕು ಹೇಳಿದರು: "ಬಾಯಲ್ಲಿ ಎಂತಕ್ಕೆ ಹೇಳೂದು? ಹೇಗೂ ಹರಕೆ ತೀರಿಸಲಿಕ್ಕೆ ಕೊಲ್ಲೂರಿಗೆ ಹೋಗ್ತೀರಿ. ಹಾಗೇ ಕೊಡಚಾದ್ರಿ ಹತ್ತಿ ಬನ್ನಿ. ಎಲ್ಲ ನಮೂನೆ ಎಂಜಿನ್ನಿನ ಜೀಪುಗಳೂ ಆ ಬೆಟ್ಟದಲ್ಲಿ ಉಂಟು. ಕಣ್ಣು ಮುಚ್ಚಿ ಕಿವಿ ಬಿಟ್ಟು ಕೂತ್ಕೊಳ್ಳಿ. ಬೆಟ್ಟವೇ ಹೇಳ್ತದೆ."

ಕೊಲ್ಲೂರಿನ ದಾರಿ

ಜನವರಿಯ ಚಳಿಯಲ್ಲಿ ಹೊರಟೆವು. ನಾನು, ನಮ್ಮವರು, ಅತ್ತೆ. ಮಗಳು, ಮೊಮ್ಮಗ ಮನೆಯಲ್ಲೇ. ಬಾಳೆ ಎಲೆಯಲ್ಲಿ ಕಟ್ಟಿದ ಕಡುಬು, ಶೇಂಗಾ ಚಟ್ನಿ, ಒಂದು ಸೀಸೆ ಮಿಡಿ ಉಪ್ಪಿನಕಾಯಿ ಬುತ್ತಿ. ಹೊಸನಗರದಿಂದ ಬಸ್ಸು. ದಾರಿಯಲ್ಲಿ ನಗರ. ಹೆಸರು ನಗರವಾದರೂ ಈಗ ಸಣ್ಣ ಊರು. ಆದರೆ ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ ಬಿದನೂರು ಇದೇ. 1763ರಲ್ಲಿ ಹೈದರ್ ಅಲಿ ವಶಪಡಿಸಿಕೊಂಡು ತನ್ನ ಹೆಸರಿನಲ್ಲಿ ಹೈದರ್‌ನಗರ ಎಂದು ಕರೆದ. ಅದರ ಬಾಲ ಮಾತ್ರ ಉಳಿದು ನಗರವಾಯಿತು. ಬಸ್ಸಿನ ಕಿಟಕಿಯಿಂದಲೇ ಕೋಟೆಯ ಗೋಡೆ ಕಾಣುತ್ತದೆ. ಸಮಯವಿದ್ದರೆ ನೀವು ಇಳಿದು ನೋಡಿ. ಹತ್ತಿರದ ದೇವಗಂಗೆಯ ಕೊಳಗಳನ್ನೂ ಮರೆಯಬೇಡಿ.

ನಿಟ್ಟೂರು ದಾಟಿ ಘಾಟಿ ಇಳಿದರೆ ಹವೆಯೇ ಬೇರೆ. ಸೆಕೆ, ತೆಂಗು, ಉಪ್ಪುಗಾಳಿ. ಕೊಲ್ಲೂರಿನಲ್ಲಿ ಸೌಪರ್ಣಿಕೆಯಲ್ಲಿ ಕಾಲು ತೊಳೆದು ದರ್ಶನ ಮಾಡಿದೆವು. ಅತ್ತೆ ಹರಕೆಯ ಕುಂಕುಮಾರ್ಚನೆ ಮಾಡಿಸಿದರು. ಮೊಮ್ಮಗನ ಹೆಸರು, ನಕ್ಷತ್ರ ಹೇಳುವಾಗ ಅವರ ದನಿ ನಡುಗಿತು. ನಾನು ಬೇರೆ ಕಡೆ ನೋಡಿದೆ.

ಮರುದಿನ ಬೆಳಿಗ್ಗೆ ಜೀಪು ನಿಲ್ಲುವಲ್ಲಿಗೆ ಹೋದೆವು. ಕೊಲ್ಲೂರಿನಿಂದ ಕೊಡಚಾದ್ರಿಗೆ ಬಾಡಿಗೆ ಜೀಪುಗಳು ಹೊರಡುತ್ತವೆ. ಘಾಟಿ ಹತ್ತಿ, ಕಟ್ಟಿನಹೊಳೆಯ ಮೇಲೆ ಸುತ್ತಿಬಳಸಿ, ಸುಮಾರು ನಲವತ್ತು ಕಿಲೋಮೀಟರಿನ ದಾರಿ. ಅದರಲ್ಲಿ ಕೊನೆಯ ಭಾಗಕ್ಕೆ ದಾರಿ ಎಂಬ ಹೆಸರು ಮಾತ್ರ. ಬಂಡೆ, ಕೊರಕಲು, ಧೂಳು.

ಅತ್ತೆಯವರು ಕಟ್ಟೆಯ ಮೇಲೆ ಕೂತು, ಮೇಸ್ತ್ರಿ ಹೇಳಿದಂತೆ, ಕಣ್ಣು ಮುಚ್ಚಿ ಕೇಳಿದರು. ಒಂದೊಂದೇ ಜೀಪು ಚಾಲೂ ಆಗುತ್ತಿದ್ದಂತೆ ತೀರ್ಪು ಕೊಟ್ಟರು. "ಇದು ಹಾಡ್ತದೆ. ಇದು ಗೊಣಗ್ತದೆ. ಅದು ಹೊಸ ಸೊಸೆ, ಸದ್ದೇ ಇಲ್ಲ." ಡ್ರೈವರುಗಳು ನಕ್ಕರು. ಹಾಡುವುದು ಪೆಜೋ. ಗೊಣಗುವುದು ಡಿಐ. ಸದ್ದಿಲ್ಲದ್ದು ಹೊಸ ಟರ್ಬೊ ಗಾಡಿ. ಅತ್ತೆಯ ಕಿವಿ ಮೂರನ್ನೂ ಬೇರ್ಪಡಿಸಿತ್ತು. ನಾವು ಗೊಣಗುವ ಜೀಪು ಹತ್ತಿದೆವು. ಮುಂದೆ ಪೆಜೋ ಜೀಪು, ಹಿಂದೆ ಹೊಸ ಗಾಡಿ.

ಬೆಟ್ಟ ಹೇಳಿದ್ದು

ನಮ್ಮ ಡ್ರೈವರು ಇಪ್ಪತ್ತೈದು ವರ್ಷದಿಂದ ಇದೇ ಬೆಟ್ಟ ಹತ್ತಿಳಿಯುವವರು. ನನ್ನ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಟ್ಟರು. ನನಗೆ ತಿಳಿದಷ್ಟನ್ನು ನಿಮಗೂ ಹೇಳುತ್ತೇನೆ.

ಎಂಜಿನ್ನಿಗೆ ಎರಡು ಗುಣ. ಒಂದು ಓಟದ ಬಲ, ಅದನ್ನೇ ಕುದುರೆ ಶಕ್ತಿಯಲ್ಲಿ ಹೇಳುವುದು. ಇನ್ನೊಂದು ದೂಡುವ ಬಲ, ಅದಕ್ಕೆ ಟಾರ್ಕ್ ಎನ್ನುತ್ತಾರೆ. ನಮ್ಮ ಮಿಕ್ಸಿಯನ್ನು ನೋಡಿ. ಗಾಳಿಯಂತೆ ತಿರುಗುತ್ತದೆ, ಹಿಟ್ಟು ಗಟ್ಟಿಯಾದರೆ ಗುಂಯ್ ಎಂದು ನಿಂತುಬಿಡುತ್ತದೆ. ರುಬ್ಬುವ ಒರಳು ನಿಧಾನ. ಆದರೆ ಎಷ್ಟು ಗಟ್ಟಿಯಾದರೂ ಅರೆಯುತ್ತದೆ. ಬೆಟ್ಟದ ದಾರಿಗೆ, ಕೆಸರಿನ ಏರಿಗೆ ಬೇಕಾದದ್ದು ಒರಳಿನ ಗುಣ. ಕಡಿಮೆ ಸುತ್ತಿನಲ್ಲಿ ಹೆಚ್ಚು ಬಲ.

ಕಡಿದಾದ ಏರು ಶುರುವಾಯಿತು. ಡ್ರೈವರು ಸಣ್ಣ ಲಿವರುಗಳನ್ನು ಎಳೆದರು. ಒಂದು ಲಿವರ್ ಮುಂದಿನ ಚಕ್ರಗಳಿಗೂ ಬಲ ಕೊಡುತ್ತದೆ. ಇನ್ನೊಂದು ಗೇರನ್ನು ಸುಮಾರು ಎರಡೂವರೆ ಪಟ್ಟು ನಿಧಾನ ಮಾಡಿ, ದೂಡುವ ಬಲವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಜೀಪು ಮನುಷ್ಯರು ನಡೆಯುವ ವೇಗಕ್ಕೆ ಇಳಿಯಿತು. ಆಕ್ಸಿಲರೇಟರಿನ ಮೇಲೆ ಅವರ ಕಾಲು ಇದ್ದೂ ಇಲ್ಲದ ಹಾಗೆ. ಎಂಜಿನ್ ಗೊಣಗುತ್ತಾ ಗೊಣಗುತ್ತಾ ಹತ್ತಿತು, ನಮ್ಮತ್ತೆ ಮೆಟ್ಟಿಲು ಹತ್ತಿದ ಹಾಗೆ. ಇದನ್ನು ಅವರೇ ಹೇಳಿದ್ದು, ನಾನಲ್ಲ!

ಮುಂದಿದ್ದ ಪೆಜೋ ಜೀಪೂ ಹತ್ತಿತು. ಆದರೆ ದೊಡ್ಡ ಕೊರಕಲು ಬಂದಾಗ ಎಂಜಿನ್ನನ್ನು ಜೋರಾಗಿ ಕೂಗಿಸಬೇಕಾಯಿತು. ಕ್ಲಚ್ಚಿನ ಸುಟ್ಟ ವಾಸನೆ ನಮ್ಮವರೆಗೂ ಬಂತು. ಪೆಜೋ ಕೆಟ್ಟ ಎಂಜಿನ್ ಎಂದು ತಿಳಿಯಬೇಡಿ. ಫ್ರಾನ್ಸಿನ ಪೆಜೋ ಕಂಪನಿಯ ಜೊತೆ 1979ರಲ್ಲಿ ಒಪ್ಪಂದ ಮಾಡಿಕೊಂಡು ಇಲ್ಲಿ ತಯಾರಿಸಿದ 2112 ಸಿಸಿಯ ಎಂಜಿನ್ ಅದು. ನಡುಕ ಕಡಿಮೆ, ಸದ್ದು ಕಡಿಮೆ. ಡಾಂಬರು ರಸ್ತೆಯಲ್ಲಿ ಹೋಗುವವರಿಗೆ ಬಲು ಸುಖ. ಆದರೆ ಬೆಳಿಗ್ಗೆ ಚಾಲೂ ಮಾಡುವ ಮೊದಲು ಅದರ ಹೀಟರ್ ಪ್ಲಗ್ಗುಗಳು ಕಾಯಬೇಕು. ಒಂದು ಪ್ಲಗ್ ಸತ್ತರೂ ಚಳಿಯಲ್ಲಿ ಸತಾಯಿಸುತ್ತದೆ. ಈಗ ಆ ಎಂಜಿನ್ನಿನ ತಯಾರಿಕೆ ಇಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಶಿವಾಜಿನಗರದಂಥ ಗುಜರಿ ಬೀದಿ ಸುತ್ತಬೇಕು.

ಹಿಂದಿದ್ದ ಹೊಸ ಗಾಡಿಗೆ ಬಲ ಹೇರಳ. ಸಡಿಲ ಕಲ್ಲಿನ ಮೇಲೆ ಆ ಬಲವೇ ಮುಳುವಾಗಿ ಚಕ್ರ ಒಮ್ಮೆಲೇ ಸುತ್ತಿ ಕಲ್ಲು ಹಾರಿಸಿತು. ಆ ಗಾಡಿಯ ಗೇರು, ಆಕ್ಸಲ್, ಬ್ರೇಕು ಎಲ್ಲ ಆ ಬಲಕ್ಕೆಂದೇ ಮಾಡಿದ್ದು, ತಡೆದುಕೊಳ್ಳುತ್ತದೆ. "ಅದೇ ಎಂಜಿನ್ನನ್ನು ನಿಮ್ಮ 72ರ ಜೀಪಿಗೆ ಹಾಕಿದ್ರೆ?" ಎಂದೆ. ಡ್ರೈವರು ಹೇಳಿದರು: "ಎಂಜಿನ್ ಹೋಗ್ತದೆ ಅಮ್ಮಾ, ಗೇರ್‌ಬಾಕ್ಸ್ ಹಲ್ಲು ಉದುರ್ತದೆ. ಅದು ತಡೆದ್ರೆ ಆಕ್ಸಲ್ ಮುರೀತದೆ. ಅದೂ ತಡೆದ್ರೆ ಬ್ರೇಕ್ ಹಿಡಿಯೂದಿಲ್ಲ. ಮತ್ತೆ ಅದಕ್ಕೆ ಕಂಪ್ಯೂಟರ್ ಪೆಟ್ಟಿಗೆ ಉಂಟು, ವೈರು ಉಂಟು. ನಿಮ್ಮ ಹಳ್ಳದ ನೀರಲ್ಲಿ ಆ ಪೆಟ್ಟಿಗೆ ನೆನೆದ್ರೆ ರಿಪೇರಿಗೆ ಯಾರು ಬರ್ತಾರೆ?" ನಮ್ಮವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೇಳಿಸಿಕೊಂಡರು ಎಂದು ಕಿವಿಯ ಬಣ್ಣದಿಂದ ಗೊತ್ತಾಯಿತು.

ಶಿಖರದಲ್ಲಿ

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ. ಗುಡಿಯೆದುರು ಮೂವತ್ತು ಅಡಿಗೂ ಮೀರಿದ ಒಂದು ಕಬ್ಬಿಣದ ಕಂಬ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅದು ಎಂದು ಜನರ ನಂಬಿಕೆ. ಲೋಹ ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿದ್ದಾರೆ. ಈ ಮಳೆಯ ಸೀಮೆಯಲ್ಲಿ ತಲೆಮಾರುಗಳಿಂದ ನಿಂತಿದೆ. ಅತ್ತೆ ಅದನ್ನು ಮುಟ್ಟಿ ನಮಸ್ಕರಿಸಿ, "ಹಳೇ ಕಬ್ಬಿಣ ಅಂತ ಮಾರಿಬಿಡಿ ಅಂದಿದ್ದೆ. ಬಿಡು, ಮಾರೂದು ಬೇಡ" ಎಂದರು. ಜೀಪಿನ ವಿಷಯ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿಂದ ಸರ್ವಜ್ಞ ಪೀಠಕ್ಕೆ ಕಾಲುದಾರಿ. ಅತ್ತೆ ಗುಡಿಯಲ್ಲೇ ಕೂತರು, ನಾವಿಬ್ಬರೂ ಹತ್ತಿದೆವು. ಬೋಳು ಗುಡ್ಡ, ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ಕಣಿವೆಗಳಲ್ಲಿ ಕಪ್ಪನೆಯ ಶೋಲಾ ಕಾಡು. ತುದಿಯಲ್ಲಿ ಪುಟ್ಟ ಕಲ್ಲಿನ ಮಂಟಪ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂದು ಹೇಳುತ್ತಾರೆ. ಎತ್ತರ 1343 ಮೀಟರ್. ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕುಸಿದು, ದೂರದಲ್ಲಿ ಸಮುದ್ರ ಬೆಳ್ಳಿಯ ಗೆರೆಯಂತೆ ಕಂಡಿತು. ಗಾಳಿ ಸೆರಗನ್ನು ನಿಲ್ಲಗೊಡುವುದಿಲ್ಲ. ನೀವು ಹೋಗುವುದಾದರೆ ಒಂದು ಶಾಲು, ಒಂದು ಬಾಟಲಿ ನೀರು, ಹಿಡಿತವಿರುವ ಚಪ್ಪಲಿ ಇರಲಿ.

ಅಲ್ಲಿ ಕಲ್ಲಿನ ಮೇಲೆ ಕೂತು ನಮ್ಮವರು ಹೇಳಿದರು: "ಅವತ್ತು ರಾತ್ರಿ ಲಿವರ್ ಎಳೆದಾಗ ಏನೂ ಆಗದೆ ಇದ್ದಾಗ ನಂಗೆ ಕೈ ಕಾಲು ಆಡ್ಲಿಲ್ಲ. ಕೂರಿಸುವಾಗ ನಾನೇ ಕೆಳಗೆ ಬಗ್ಗಿ ನೋಡಬೇಕಿತ್ತು." ಮೂವತ್ತು ವರ್ಷದಲ್ಲಿ ಅವರು ತಪ್ಪೊಪ್ಪಿಕೊಂಡದ್ದು ನಾಲ್ಕು ಸಾರಿ ಇರಬಹುದು. "ನಾನೂ ನೋಡಬಹುದಿತ್ತು" ಎಂದೆ. ಬುತ್ತಿ ಬಿಚ್ಚಿದೆವು. ಗೊಣಗುವ ಎಂಜಿನ್ನೇ ಆಗಲಿ ಎಂದು ಅಲ್ಲೇ ತೀರ್ಮಾನವಾಯಿತು.

ಇಳಿಯುವಾಗ ಇನ್ನೊಂದು ವಿಷಯ ಕಂಡೆ. ಡ್ರೈವರು ಬ್ರೇಕು ತುಳಿದದ್ದು ತೀರಾ ಕಡಿಮೆ. ಹತ್ತಿದ ಸಣ್ಣ ಗೇರಿನಲ್ಲೇ ಇಳಿಸಿದರು. ಎಂಜಿನ್ನೇ ಜೀಪನ್ನು ಹಿಡಿದು ಹಿಡಿದು ಬಿಟ್ಟಿತು. ಬ್ರೇಕನ್ನೇ ತುಳಿಯುತ್ತಾ ಹೋದರೆ ಅದು ಕಾದು ಹಿಡಿತ ಬಿಡುತ್ತದಂತೆ. ಘಾಟಿಯಲ್ಲಿ ಪ್ರಯಾಣ ಮಾಡುವಾಗ ನಿಮ್ಮ ಡ್ರೈವರು ಏನು ಮಾಡುತ್ತಾನೆಂದು ಇನ್ನು ಮೇಲೆ ನೀವೂ ಗಮನಿಸಿ.

ಕೂರಿಸಿದ್ದು ಹೀಗೆ

ಮೇಸ್ತ್ರಿಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಡಿಐ ಎಂದರೆ ಡೀಸೆಲ್ ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುವ ಎಂಜಿನ್. ಬೆಳಗಿನ ಚಳಿಯಲ್ಲೂ ಹೀಟರಿಗೆ ಕಾಯದೆ ಚಾಲೂ ಆಗುತ್ತದೆ. 2523 ಸಿಸಿ. "ನಿಮ್ಮ ಮಾವನವರು ಹಾಕಿಸಿದ್ದರಲ್ಲ, ಅದರ ಮೊಮ್ಮಗ ಇದು" ಎಂದರು. ಅದೇ ಕಂಪನಿಯ ಎಷ್ಟೋ ಜೀಪುಗಳಲ್ಲಿ ಬಂದದ್ದರಿಂದ ಬಿಡಿಭಾಗ ತಾಲ್ಲೂಕು ಪೇಟೆಯಲ್ಲೇ ಸಿಗುತ್ತದೆ. ನನಗೆ ಒಪ್ಪಿಗೆಯಾದದ್ದು ಈ ಮಾತು. ಎಷ್ಟೇ ಒಳ್ಳೆಯ ಕುಕ್ಕರ್ ಇರಲಿ, ಅದರ ರಬ್ಬರ್ ನಮ್ಮ ಪೇಟೆಯಲ್ಲಿ ಸಿಗದಿದ್ದರೆ ಅಟ್ಟಕ್ಕೇ ಹೋಗುವುದು, ಅಲ್ಲವೇ?

ಹಳೆ ಎಂಜಿನ್ ಕೊಳ್ಳುವ ಪರೀಕ್ಷೆಯನ್ನೂ ಕಲಿತೆ. ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಮೋಸ ಇರಬಹುದು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದು ಅರ್ಥ. ಕಪ್ಪು ಹೊಗೆಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಭುಸುಭುಸು ಹೊಗೆ ಎದ್ದರೆ ಒಳಗೆ ಸವೆದಿದೆ. ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಅಂಥದ್ದನ್ನು ಮುಟ್ಟಲೇಬೇಡಿ. ಎರಡು ಎಂಜಿನ್ ಹೀಗೆಯೇ ಬಿಟ್ಟೆವು. ಮೂರನೆಯದು ಸರಿಯಾದ ಕಾಗದಪತ್ರದ ಸಮೇತ ಸಿಕ್ಕಿತು. ಅದರ ಜೊತೆಗೆ ಅದರದೇ ನಾಲ್ಕು ಗೇರಿನ ಪೆಟ್ಟಿಗೆಯನ್ನೂ ತಂದೆವು. ನಮ್ಮದು ಹಳೆ ಮೂರು ಗೇರಿನದು, ಪೆಟ್ರೋಲ್ ಕಾಲದ್ದು.

ಕೂರಿಸುವ ಮೊದಲೇ ಸಾರಿಗೆ ಕಚೇರಿಗೆ ಅರ್ಜಿ ಹಾಕಿ ಅನುಮತಿ ಪಡೆದೆವು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆ ವ್ಯಾನಿನ ಎಂಜಿನ್ನಿನ ನಂಬರು ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ! ಅಪಘಾತವಾಗಿದ್ದರೆ ವಿಮೆಯ ಹಣಕ್ಕೂ ಕಷ್ಟವಾಗುತ್ತಿತ್ತು. ಅದೇ ಕಂಪನಿ, ಅದೇ ಡೀಸೆಲ್ ಎಂದು ತೋರಿಸಿ, ತಪಾಸಣೆ ಮಾಡಿಸಿ, ಹೊಸ ನಂಬರು ಬರೆಸಿ, ವಿಮಾ ಕಚೇರಿಗೂ ತಿಳಿಸಿದ ಮೇಲೆಯೇ ಸಮಾಧಾನ.

ಕೂರಿಸುವ ದಿನ ನಾನೇ ಗೋಣಿ ಹಾಸಿ ಕೆಳಗೆ ನೋಡಿದೆ. ಸಂಪಿಗೂ ಆಕ್ಸಲ್ಲಿಗೂ ನಡುವೆ ನನ್ನ ಅಂಗೈ ಆರಾಮಾಗಿ ಹೋಗುತ್ತಿತ್ತು. ಮುಂದಿನ ಶಾಫ್ಟು ಇದ್ದಲ್ಲಿ ಇತ್ತು. ರೇಡಿಯೇಟರ್ ದೊಡ್ಡದು ಹಾಕಿದ್ದರು. ಏರಿನಲ್ಲಿ ನಿಧಾನ ಹೋಗುವಾಗ ಗಾಳಿ ಬೀಸುವುದಿಲ್ಲ, ಫ್ಯಾನೊಂದೇ ಗತಿ ಎಂದು ಅದರ ಸುತ್ತ ತಗಡಿನ ಬಳೆ ಕೂರಿಸಿದ್ದರು. "ನಿಮ್ಮ ಬಳೆ ಜೀಪಿಗೆ ಹೋಯ್ತು" ಎಂದು ಮೇಸ್ತ್ರಿ ನಕ್ಕರು. ನನಗೂ ನಗು ಬಂತು.

ಈ ವರ್ಷ ಶ್ರಾವಣದಲ್ಲಿ ಮೊಮ್ಮಗನಿಗೆ ಜ್ವರ ಏರಿತು. ಮತ್ತೆ ರಾತ್ರಿ, ಮತ್ತೆ ಮಳೆ. ಜೀಪು ಹಳ್ಳಕ್ಕಿಳಿದು, ಎರಡೂ ಲಿವರ್ ಎಳೆಸಿಕೊಂಡು, ಗೊಣಗುತ್ತಾ ಏರು ಹತ್ತಿತು. ಆ ಜಾಗ ಬಂದಾಗ ಯಾರೂ ಮಾತಾಡಲಿಲ್ಲ. ಮುಂದಿನ ಚಕ್ರಗಳು ಮಣ್ಣು ಕಚ್ಚಿ ಎಳೆದದ್ದು ಕೂತಲ್ಲಿಗೇ ತಿಳಿಯಿತು. ಡಾಂಬರು ರಸ್ತೆ ಸಿಕ್ಕಾಗ ಮಗಳು ನನ್ನ ಕೈ ಬಿಟ್ಟಳು. ಮಗು ಎರಡು ದಿನದಲ್ಲಿ ಚೇತರಿಸಿಕೊಂಡಿತು.

ಗದ್ದಲವಂತೂ ವಿಪರೀತ. ಜೀಪಿನಲ್ಲಿ ಕೂತರೆ ಗುಟ್ಟು ಮಾತಾಡುವ ಹಾಗಿಲ್ಲ, ಕೂಗಿಯೇ ಹೇಳಬೇಕು. ಅದಕ್ಕೇನು, ಈಗ ಜೀಪಿನ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗುಟ್ಟಲ್ಲ.

ನಿಮ್ಮ ಮನೆಯಲ್ಲೂ ಹಳೆ ಜೀಪಿದ್ದರೆ

- ನಿಮ್ಮ ದಾರಿ ಎಂಥದ್ದು ಎಂದು ಮೊದಲು ನೋಡಿ, ಆಮೇಲೆ ಎಂಜಿನ್. ಏರು, ಕೆಸರಾದರೆ ದೂಡುವ ಬಲ. ಡಾಂಬರಾದರೆ ಓಟ, ಸುಖ.
- ಗೇರ್‌ಬಾಕ್ಸ್, ಆಕ್ಸಲ್, ಬ್ರೇಕು ತಡೆಯುವಷ್ಟೇ ಬಲ ಸಾಕು.
- ಬಿಡಿಭಾಗ, ಮೇಸ್ತ್ರಿ ಹತ್ತಿರದ ಪೇಟೆಯಲ್ಲೇ ಸಿಗಬೇಕು.
- ಅನುಮತಿ ಮೊದಲು, ಕೆಲಸ ಆಮೇಲೆ. ನಿಮ್ಮ ಊರಿನ ಸಾರಿಗೆ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ.
- ಕೆಲಸ ಮುಗಿದ ದಿನ ಕೆಸರಿನಲ್ಲಿ ಓಡಿಸಿ, ಮುಂದಿನ ಚಕ್ರ ಎಳೆಯುತ್ತದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ. ಆಮೇಲೆಯೇ ಉಳಿದ ಹಣ ಕೊಡಿ.